ಮೇಲಿನ ಮಣ್ಣು ನಿಮ್ಮದು, ಕೆಳಗಿನ ಎಣ್ಣೆ ಯಾರದು?

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಅಮೆರಿಕದಲ್ಲಿ ಹೊಲದಡಿ ಎಣ್ಣೆ ಸಿಕ್ಕರೆ ರೈತ ರಾತ್ರೋರಾತ್ರಿ ಕೋಟ್ಯಧೀಶ, ನಮ್ಮಲ್ಲಿ ಸಿಕ್ಕರೆ ಸರ್ಕಾರ ಬಂದು ಬೇಲಿ ಹಾಕುತ್ತದೆ, ರೈತನ ಕೈಗೆ ಚಿಪ್ಪು, ಅಂತ. ಓದಿ ನಗು ಬಂತು. ಆಮೇಲೆ ನಕ್ಕು ಸುಮ್ನಾಗುವ ವಿಷಯ ಅಲ್ಲ ಅನ್ನಿಸಿತು. ಯಾಕೆಂದರೆ ಊರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಇದೇ ಮಾತು ಹೇಳುತ್ತಾರೆ, ನಾನೂ ಊಟದ ಹೊತ್ತಲ್ಲಿ ವಾದ ಯಾಕೆ ಎಂದು ಹೂಂಗುಟ್ಟಿ ಬಿಟ್ಟಿದ್ದೇನೆ. ಈ ಸಲ ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ.

ನಾನು ಪಶ್ಚಿಮ ಟೆಕ್ಸಾಸ್‌ನಲ್ಲಿ 11 ವರ್ಷ ಎಣ್ಣೆ ಕಂಪನಿಗಳಿಗೆ ಕೆಲಸ ಮಾಡಿದವನು. ಎಣ್ಣೆ ತೆಗೆಯುವ ಕೆಲಸ ಅಲ್ಲ, ಎಣ್ಣೆ ಯಾರದು ಎಂದು ಹುಡುಕುವ ಕೆಲಸ. ಅಲ್ಲಿ ನಮಗೆ ಲ್ಯಾಂಡ್‌ಮ್ಯಾನ್ ಅನ್ನುತ್ತಾರೆ. ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಲ್ಲಿ ಕೂತು ದಪ್ಪ ದಪ್ಪ ರಿಜಿಸ್ಟರ್ ತೆಗೆದು, ಈ ಜಮೀನನ್ನು ಇವನು ಯಾರಿಂದ ಕೊಂಡ, ಅವನು ಯಾರಿಂದ ಕೊಂಡ ಎಂದು ಹಿಂದಕ್ಕೆ ಹಿಂದಕ್ಕೆ ಹೋಗುವುದು. ನಮ್ಮಲ್ಲಿ ಜಮೀನು ಕೊಳ್ಳುವ ಮುಂಚೆ ಇ.ಸಿ. ತೆಗೆಸುತ್ತೀವಲ್ಲ, ಅದನ್ನೇ ನೂರೈವತ್ತು ವರ್ಷದ ಹಿಂದಿನ ತನಕ ಕೈಯಲ್ಲಿ ಮಾಡಿದ ಹಾಗೆ. ಧೂಳಿಗೆ ಸೀನು ಬರುತ್ತದೆ, ಕಣ್ಣು ಉರಿಯುತ್ತದೆ, ಆದರೆ ಕಥೆಗಳಿಗೆ ಮಾತ್ರ ಬರ ಇಲ್ಲ.

ಆ ಓದುಗರ ಪತ್ರದಲ್ಲಿ ಅರ್ಧ ನಿಜ ಇದೆ. ಅಮೆರಿಕದಲ್ಲಿ ನೆಲದಡಿಯ ಎಣ್ಣೆ ಖಾಸಗಿಯವರ ಆಸ್ತಿ ಆಗಬಹುದು. ಪ್ರಪಂಚದಲ್ಲಿ ಇದು ಅಪರೂಪವೇ. ಆದರೆ ಆಸ್ತಿ ಅಂದಮೇಲೆ ಅದನ್ನು ಬಿಡಿಬಿಡಿಯಾಗಿ ಮಾರಬಹುದು ಅಂತಲೂ ಆಯಿತು, ಅಲ್ವಾ? ಮೇಲಿನ ನೆಲ ಒಬ್ಬನಿಗೆ, ಕೆಳಗಿನ ಎಣ್ಣೆ-ಗ್ಯಾಸು ಇನ್ನೊಬ್ಬನಿಗೆ. ಒಂದೇ ಸರ್ವೆ ನಂಬರಿಗೆ ಎರಡು ಪಹಣಿ ಇದ್ದ ಹಾಗೆ ಅಂದುಕೊಳ್ಳಿ. ಮೇಲಿನವನು ಉಳಬಹುದು, ಮನೆ ಕಟ್ಟಬಹುದು, ದನ ಮೇಯಿಸಬಹುದು. ಕೆಳಗಿನವನು ಕಂಪನಿಗೆ ಲೀಸ್ ಕೊಟ್ಟು ಬೋನಸ್, ಅಂದರೆ ಸಹಿ ಹಾಕಿದಾಗಲೇ ಸಿಗುವ ದುಡ್ಡು, ತಗೊಳ್ಳಬಹುದು, ಎಣ್ಣೆ ಬಂದರೆ ರಾಯಲ್ಟಿ, ಅಂದರೆ ಅದರಲ್ಲಿ ಒಂದು ಪಾಲು, ತಗೊಳ್ಳಬಹುದು. ಹಳೆಯ ಲೀಸುಗಳಲ್ಲಿ ಎಂಟರಲ್ಲಿ ಒಂದು ಪಾಲು, ಈಗ ಟೆಕ್ಸಾಸ್‌ನಲ್ಲಿ ನಾಲ್ಕರಲ್ಲಿ ಒಂದು ಪಾಲು ಕೇಳುವವರೂ ಇದ್ದಾರೆ. ಕೋಟ್ಯಧೀಶ ಆಗುವುದು ಇವನು. ಮೇಲಿನವನ ಪಾಲಿಗೆ ಬರುವುದು ಲಾರಿ, ಧೂಳು, ಸದ್ದು.

ಇದಕ್ಕಿಂತ ಮುಖ್ಯ ವಿಷಯ ಇನ್ನೊಂದಿದೆ, ಅದು ಹೊರಗಿನವರಿಗೆ ಗೊತ್ತೇ ಇರುವುದಿಲ್ಲ. ಎಣ್ಣೆ ತೆಗೆಯುವುದಕ್ಕೆ ಎಷ್ಟು ಜಾಗ ಬೇಕೋ ಅಷ್ಟು ಮೇಲಿನ ನೆಲವನ್ನು ಬಳಸುವ ಹಕ್ಕು ಕೆಳಗಿನವನಿಗೆ ತಾನಾಗಿಯೇ ಇರುತ್ತದೆ. ಒಪ್ಪಿಗೆ ಕೇಳಬೇಕಿಲ್ಲ. ಕೋರ್ಟುಗಳು ಹೇಳುವ ಕಾರಣ ಏನೆಂದರೆ, ಎಣ್ಣೆ ನಿನ್ನದು ಆದರೆ ಅಲ್ಲಿಗೆ ಹೋಗುವ ದಾರಿ ಇಲ್ಲ ಅಂದರೆ ಆ ಹಕ್ಕಿಗೆ ಅರ್ಥವೇ ಇಲ್ಲ. ಹಾಗಾಗಿ ರಸ್ತೆ ಮಾಡಬಹುದು, ಐದಾರು ಎಕರೆ ಮಟ್ಟ ಮಾಡಿ ನೆಲ ಕೊರೆಯುವ ರಿಗ್ ನಿಲ್ಲಿಸಬಹುದು, ಟ್ಯಾಂಕು ಕೂರಿಸಬಹುದು, ಪೈಪ್ ಎಳೆಯಬಹುದು. 'ಬೇಕಾದಷ್ಟು' ಅಂದರೆ ಎಷ್ಟು ಅನ್ನುವುದೇ ಜಗಳ. ಒಟ್ಟಿನಲ್ಲಿ ಕೆಳಗಿನವನದೇ ಮೇಲುಗೈ.

ನನ್ನ ಗೆಳೆಯನೊಬ್ಬನ ವಿಷಯ ಹೇಳುತ್ತೇನೆ, ಹೆಸರು ಬೇಡ. ಕನ್ನಡದವನೇ. ಕಂಪ್ಯೂಟರ್ ಕೆಲಸದಲ್ಲಿ ದುಡಿದು ದುಡಿದು, ಇನ್ನು ಸಾಕು, ಪೇಟೆಯಾಚೆ ಇರೋಣ ಎಂದು 20 ಎಕರೆ ತಗೊಂಡ. ಮನೆ ಕಟ್ಟಿದ, ಪೀಕನ್ ಗಿಡ ಹಾಕಿದ, ಬೋರ್ ತೆಗೆಸಿದ. ಮೂರನೇ ವರ್ಷ ಒಂದು ಬೆಳಿಗ್ಗೆ ಫೋನು. "ಯಾರೋ ಬಂದು ನನ್ನ ಜಾಗದಲ್ಲಿ ಗೂಟ ಹೊಡೆದು ಹೋಗಿದ್ದಾರೆ ಕಣೋ!" ಮರದ ಗೂಟಗಳು, ತುದಿಗೆ ಗುಲಾಬಿ ಬಣ್ಣದ ರಿಬ್ಬನ್. ನನಗೆ ಅಲ್ಲೇ ಗೊತ್ತಾಯಿತು. ಅವನು ಅಷ್ಟು ಹೊತ್ತಿಗಾಗಲೇ ಪೊಲೀಸಿಗೂ ಫೋನ್ ಮಾಡಿದ್ದ. ಬಂದ ಪೊಲೀಸಪ್ಪ ಗೂಟ ನೋಡಿ, ಇದು ನಮ್ಮ ಕೆಲಸ ಅಲ್ಲ, ವಕೀಲರನ್ನು ನೋಡಿ ಎಂದು ಹೊರಟುಹೋದನಂತೆ.

ನಾನು ಕೌಂಟಿ ಕಚೇರಿಗೆ ಹೋದೆ. ಅರ್ಧ ದಿನ ಹಿಡಿಯಿತು. 1947ರ ಒಂದು ಕ್ರಯಪತ್ರ, ಟೈಪ್ ಮಾಡಿದ್ದು, ಮೂರು ಪುಟ. ಎರಡೂವರೆ ಪುಟ ಬರೀ ಚಕ್ಕುಬಂದಿ: ಈ ಕಲ್ಲಿನಿಂದ ಉತ್ತರಕ್ಕೆ ಇಷ್ಟು ಅಡಿ, ಅಲ್ಲಿಂದ ಪೂರ್ವಕ್ಕೆ ಇಷ್ಟು. ಎಲ್ಲ ಮುಗಿದು ಇನ್ನೇನು ಸಹಿ ಬರಬೇಕು ಅನ್ನುವಲ್ಲಿ ಒಂದೇ ಒಂದು ಸಾಲು. ಈ ಜಮೀನಿನ ಒಳಗೆ, ಮೇಲೆ, ಕೆಳಗೆ ಇರುವ ಎಲ್ಲ ಎಣ್ಣೆ, ಅನಿಲ ಮತ್ತು ಇತರ ಖನಿಜಗಳನ್ನು ಮಾರುವವರು ತಮಗೂ ತಮ್ಮ ವಾರಸುದಾರರಿಗೂ ಉಳಿಸಿಕೊಂಡಿದ್ದಾರೆ. ಅಷ್ಟೇ. ಆಮೇಲೆ ಜಮೀನು ಐದು ಕೈ ಬದಲಾಯಿತು, ಒಬ್ಬೊಬ್ಬರೂ ಮೇಲಿನ ಮಣ್ಣನ್ನಷ್ಟೇ ಕೊಂಡು ಮಾರಿದರು. ಗೆಳೆಯನ ಪತ್ರದಲ್ಲಿ ಖನಿಜ ಅನ್ನುವ ಪದವೇ ಇಲ್ಲ. 'ಹಿಂದೆ ನೋಂದಣಿಯಾದ ಷರತ್ತುಗಳಿಗೆ ಒಳಪಟ್ಟು' ಅಂತಿದೆ. ಅವನು ಅದನ್ನು ಓದಿದ್ದ. ಎಲ್ಲ ಪತ್ರದಲ್ಲೂ ಬರೆಯುವ ಮಾತು ಅಂದುಕೊಂಡಿದ್ದ. ಒಡೆತನದಲ್ಲಿ ತೊಡಕು ಬಂದರೆ ಇರಲಿ ಎಂದು ಮಾಡಿಸುವ ಟೈಟಲ್ ಇನ್ಶೂರೆನ್ಸ್ ಕೂಡ ಇತ್ತು ಪಾಪ, ಅದರಲ್ಲಿ ಖನಿಜದ ವಿಷಯ ನಮಗೆ ಸೇರಿದ್ದಲ್ಲ ಎಂದು ಸಣ್ಣ ಅಕ್ಷರದಲ್ಲಿ ಇತ್ತು.

ಕೆಳಗಿನ ಎಣ್ಣೆ ಈಗ ಯಾರದು? ಮಾರಿದವನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಒಟ್ಟು 23 ಜನ. ಒಬ್ಬರು ಆರೆಗನ್‌ನಲ್ಲಿ, ಇಬ್ಬರು ಫ್ಲೋರಿಡಾದಲ್ಲಿ. ಒಬ್ಬಾಕೆಗೆ 96 ಪಾಲಿನಲ್ಲಿ ಒಂದು ಪಾಲು, ತನಗೆ ಹಾಗೊಂದು ಆಸ್ತಿ ಇದೆ ಅನ್ನುವುದೇ ಕಂಪನಿಯ ಕಾಗದ ಬಂದಾಗ ಗೊತ್ತಾಗಿದ್ದು. ಆ ಜಮೀನನ್ನು ಅವರು ಯಾರೂ ಕಣ್ಣಲ್ಲೂ ನೋಡಿಲ್ಲ. ಇಂಡಿಯಾನಾ ರಾಜ್ಯದಲ್ಲಿ ಒಂದು ಕಾನೂನಿದೆ, 20 ವರ್ಷ ಬಳಸದೆ, ದಾಖಲೆ ಹಾಕದೆ ಬಿಟ್ಟ ಖನಿಜದ ಹಕ್ಕು ಮೇಲಿನ ಜಮೀನುದಾರನಿಗೆ ವಾಪಸ್ ಹೋಗುತ್ತದೆ. ಅದು ಸರಿಯೇ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1982ರಲ್ಲಿ ಹೇಳಿತು. ಟೆಕ್ಸಾಸ್‌ನಲ್ಲಿ ಅಂಥದ್ದಿಲ್ಲ. ಅಲ್ಲಿ ನೂರು ವರ್ಷ ಮಲಗಿದ್ದ ಹಕ್ಕು ಒಂದು ಬೆಳಿಗ್ಗೆ ಎದ್ದು ಗೂಟ ಹೊಡೆಯಬಹುದು.

ಇಂಥ ಸೀಳು ಆಗಿದ್ದು ಹೇಗೆ ಅಂತ ಕೇಳಬಹುದು. ನೂರಾರು ರೀತಿ. ಎಣ್ಣೆ ಸಿಗುತ್ತಿದೆ ಅನ್ನುವ ಸುದ್ದಿ ಹಬ್ಬಿದ ಮೇಲೆ ಮಾರುವವರು ಜಾಣರಾದರು, ನೆಲ ಕೊಟ್ಟು ಎಣ್ಣೆ ಇಟ್ಟುಕೊಂಡರು. 1930ರ ದಶಕದ ಬರದಲ್ಲಿ ಸಾಲ ಕಟ್ಟಲಾಗದೆ ಜಮೀನುಗಳು ಬ್ಯಾಂಕಿನ ಪಾಲಾದವು, ಬ್ಯಾಂಕುಗಳು ಅದನ್ನು ಮತ್ತೆ ಮಾರುವಾಗ ಖನಿಜದಲ್ಲಿ ಪಾಲು ಉಳಿಸಿಕೊಂಡವು. ಇವತ್ತಿಗೂ ಬಡಾವಣೆ ಮಾಡಿ ಮನೆ ಮಾರುವ ಕಂಪನಿಗಳು ಕೆಳಗಿನದ್ದನ್ನು ತಾವೇ ಇಟ್ಟುಕೊಳ್ಳುವುದುಂಟು. ಸರ್ಕಾರವೂ ಇದನ್ನೇ ಮಾಡಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ ಕೊಟ್ಟಾಗ ಮೇಲೂ ಕೆಳಗೂ ಸೇರಿಸಿ ಕೊಟ್ಟರು. 1916ರಲ್ಲಿ ದನ ಸಾಕುವವರಿಗೆ ಎಂದು 640 ಎಕರೆ ತನಕ ಕೊಟ್ಟಾಗ ಕೈ ಬಿಗಿ ಮಾಡಿದರು, ಹುಲ್ಲು ನಿನ್ನದು, ಖನಿಜ ಸರ್ಕಾರದ್ದು. ಹೀಗೆಲ್ಲ ಆಗಿ, ಮೇಲೆ ಖಾಸಗಿ ಜಮೀನು ಕೆಳಗೆ ಕೇಂದ್ರ ಸರ್ಕಾರದ ಖನಿಜ ಇರುವ ನೆಲವೇ ಇವತ್ತು ಸುಮಾರು 5.7 ಕೋಟಿ ಎಕರೆ ಇದೆ. ಹೆಚ್ಚಿನದು ಪಶ್ಚಿಮದ ರಾಜ್ಯಗಳಲ್ಲಿ. ಹಾಗಾಗಿ 'ಅಮೆರಿಕದಲ್ಲಿ ಎಲ್ಲ ರೈತನದೇ' ಅನ್ನುವ ಮಾತು ವ್ಯೋಮಿಂಗ್‌ನ ದನಗಾಹಿಯ ಮುಂದೆ ಹೇಳಿದರೆ ಅವನು ನಮ್ಮನ್ನೇ ಮೇಲೆ ಕೆಳಗೆ ನೋಡುತ್ತಾನೆ.

ಕೋರ್ಟು ಮೇಲಿನವನನ್ನು ಪೂರ್ತಿ ಕೈಬಿಟ್ಟಿದೆ ಅಂತಲೂ ಅಲ್ಲ. 1971ರಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟಿನ ಮುಂದೆ ಗೆಟ್ಟಿ ಆಯಿಲ್ ಕಂಪನಿಯ ಒಂದು ಕೇಸು ಬಂತು. ಒಬ್ಬ ರೈತ ಹೊಲದಲ್ಲಿ ತಾನಾಗಿಯೇ ಉರುಳುತ್ತಾ ನೀರು ಚಿಮ್ಮಿಸುವ ದೊಡ್ಡ ಸ್ಪ್ರಿಂಕ್ಲರ್ ಹಾಕಿಸಿದ್ದ. ಅದರ ತೋಳು 7 ಅಡಿ ಎತ್ತರದ ವಸ್ತುವನ್ನು ದಾಟಿ ಹೋಗುತ್ತಿತ್ತು. ಕಂಪನಿ ಕೂರಿಸಿದ ಪಂಪುಗಳು ಅದಕ್ಕಿಂತ ಎಷ್ಟೋ ಎತ್ತರ, ತಲೆಯಾಡಿಸುತ್ತಾ ಮೇಲೆ ಕೆಳಗೆ ಹೋಗುತ್ತಿದ್ದವು. ಸ್ಪ್ರಿಂಕ್ಲರ್ ಅಲ್ಲೇ ನಿಂತಿತು. ಪಕ್ಕದಲ್ಲೇ ಬೇರೆ ಕಂಪನಿಗಳು ಗುಂಡಿ ತೋಡಿ ಪಂಪನ್ನು ಒಳಗೆ ಇಳಿಸಿದ್ದವು, ನೀವೂ ಹಾಗೇ ಮಾಡಿ ಎಂದ ರೈತ. ಕೋರ್ಟು ಅವನ ಮಾತಿಗೆ ಬೆಲೆ ಕೊಟ್ಟಿತು. ಮೇಲಿನವನು ಮೊದಲಿಂದಲೂ ಮಾಡಿಕೊಂಡು ಬಂದ ಕೆಲಸಕ್ಕೆ ಪೆಟ್ಟು ಬೀಳುವ ಹಾಗಿದ್ದರೆ, ಎಣ್ಣೆಯವರ ಹತ್ತಿರ ಬೇರೆ ದಾರಿ ಇದ್ದರೆ, ಅವರು ಆ ದಾರಿ ಹಿಡಿಯಬೇಕು ಅಂದಿತು. ನಮ್ಮ ಕಸುಬಿನವರು ಎಲ್ಲರೂ ಬಾಯಿಪಾಠ ಮಾಡಿಕೊಂಡ ಕೇಸು ಇದು.

ಕೇಳಲು ಚೆನ್ನಾಗಿದೆ. ಆದರೆ ಮರುವರ್ಷವೇ, 1972ರಲ್ಲಿ, ಅದೇ ಕೋರ್ಟು ಇನ್ನೊಂದು ಕೇಸಿನಲ್ಲಿ ಎಣ್ಣೆ ಕಂಪನಿಯ ಕಡೆ ವಾಲಿತು. ಎಣ್ಣೆಯನ್ನು ಮೇಲಕ್ಕೆ ತಳ್ಳಲು ಬಾವಿಗೆ ನೀರು ತುಂಬಬೇಕಿತ್ತು, ಆ ನೀರನ್ನು ಕಂಪನಿ ರೈತನ ನೆಲದಡಿಯಿಂದಲೇ ಎತ್ತಿತು. ರೈತ ಬೆಳೆಗೆ ಬಳಸುತ್ತಿದ್ದ ಒಗಲಾಲಾ ಅಂತರ್ಜಲ ಅದು, ಮತ್ತೆ ತುಂಬುವುದು ಇಲ್ಲವೆಂಬಷ್ಟು ನಿಧಾನ. ಒಂದು ಡಾಲರ್ ಕೂಡ ಕೊಡದೆ ಎತ್ತಬಹುದು ಎಂದು ತೀರ್ಪಾಯಿತು. 2013ರಲ್ಲಿ ಇನ್ನೊಬ್ಬ, ದನ ಸಾಕುವವನು, ನನ್ನ ದೊಡ್ಡಿ ಇರುವ ಜಾಗದಲ್ಲೇ ಬಾವಿ ಹಾಕಿದರು ಎಂದು ಕೋರ್ಟಿಗೆ ಹೋದ. ನಿನ್ನ ಕಡೆಯಿಂದ ಬೇರೆ ದಾರಿಯೇ ಇರಲಿಲ್ಲ ಎಂದು ಮೊದಲು ನೀನು ತೋರಿಸಬೇಕು, ಬರೀ ಖರ್ಚು ಜಾಸ್ತಿ ಆಗುತ್ತದೆ, ತೊಂದರೆ ಆಗುತ್ತದೆ ಅಂದರೆ ಸಾಲದು ಅಂದರು. ಸೋತ. 

ನೀರಿನ ವಿಷಯ ಬಂತಲ್ಲ, ಅದರ ಇನ್ನೊಂದು ತಮಾಷೆ ಕೇಳಿ. ಎಣ್ಣೆ ಬರುವಾಗ ಅದರ ಜೊತೆಗೆ ಕೆಳಗಿನ ಉಪ್ಪುನೀರೂ ಬರುತ್ತದೆ. ಪಶ್ಚಿಮ ಟೆಕ್ಸಾಸ್‌ನಲ್ಲಿ ಒಂದು ಪೀಪಾಯಿ ಎಣ್ಣೆಗೆ ಮೂರು ನಾಲ್ಕು ಪೀಪಾಯಿ ನೀರು ಬರುವುದು ಮಾಮೂಲು. ಸಮುದ್ರದ ನೀರಿಗಿಂತ ಉಪ್ಪು. ಇಷ್ಟು ವರ್ಷ ಅದು ಕಸ, ಯಾರಿಗೂ ಬೇಡ. ಈಗ ಅದನ್ನು ಶುದ್ಧ ಮಾಡಿ ಮತ್ತೆ ಬಳಸಿ ದುಡ್ಡು ಮಾಡಬಹುದು ಅಂತಾದಮೇಲೆ ಮೇಲಿನ ಜಮೀನುದಾರರು, ನೀರು ನಮ್ಮದು ತಾನೇ ಎಂದು ಬೇರೆ ಕಂಪನಿಗೆ ಬರೆದುಕೊಟ್ಟರು. ಟೆಕ್ಸಾಸ್‌ನಲ್ಲಿ ಅಂತರ್ಜಲ ಮೇಲಿನವನದು, ಹಾಗಾಗಿ ವಾದದಲ್ಲಿ ಹುರುಳಿತ್ತು. 2025ರ ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟು ಹೇಳಿತು, ಇದು ನೀರಲ್ಲ, ಎಣ್ಣೆ ತೆಗೆಯುವಾಗ ಬರುವ ತ್ಯಾಜ್ಯ, ಹಾಗಾಗಿ ಎಣ್ಣೆ ಕಂಪನಿಯದೇ. ಅಂತರ್ಜಲವನ್ನು ಕಂಪನಿ ಎತ್ತಿದಾಗ ಕೂಡ ರೈತನಿಗೆ ಕಾಸಿಲ್ಲ, ಉಪ್ಪುನೀರಿಗೆ ಬೆಲೆ ಬಂದಾಗ ಅದರಲ್ಲೂ ಪಾಲಿಲ್ಲ.

ಗೆಳೆಯನ ಕಥೆಗೆ ವಾಪಸ್ ಬರುತ್ತೇನೆ. ಗೂಟ ಹೊಡೆದ ಎರಡನೇ ವಾರ ಬಿಳಿ ಪಿಕಪ್‌ನಲ್ಲಿ ಕಂಪನಿಯ ಒಬ್ಬ ಬಂದ. ಒಳ್ಳೆಯ ಹುಡುಗ, ಟೋಪಿ ತೆಗೆದು ಮಾತಾಡಿದ. ಕೈಯಲ್ಲಿ ಒಂದು ಪುಟದ ಕಾಗದ, ಒಂದು ಚೆಕ್ಕು. ಇಲ್ಲಿ ಸಹಿ ಹಾಕಿದರೆ ನಷ್ಟಕ್ಕೆ ಇಷ್ಟು ಅಂದ. ಹಳೆಯ ಕಾರು ಬರುತ್ತದೆ ಆ ದುಡ್ಡಿಗೆ, ಅಷ್ಟೇ. ಟೆಕ್ಸಾಸ್‌ನಲ್ಲಿ ಅಷ್ಟು ಕೊಡಬೇಕು ಅನ್ನುವ ಕಾನೂನೂ ಇಲ್ಲ, ಅಕ್ಕಪಕ್ಕದವರ ಜೊತೆ ಜಗಳ ಬೇಡ ಎಂದು ಕೊಡುತ್ತಾರೆ. ನಾನು ಅಷ್ಟು ವರ್ಷ ಮೇಜಿನ ಆ ಕಡೆ ಕೂತವನು. ಈ ಕಡೆ ಕೂತಿದ್ದು ಅದೇ ಮೊದಲು. ಸಹಿ ಹಾಕಬೇಡ ಅಂದೆ.

ನಾವು ಕೇಳಿದ್ದು ದುಡ್ಡಲ್ಲ. ರಸ್ತೆ ಗಿಡಗಳ ಮಧ್ಯೆ ಬೇಡ, ಬೇಲಿಯ ಪಕ್ಕಕ್ಕೆ ಹಾಕಿ. ಮೇಲಿನ ಒಂದಡಿ ಮಣ್ಣನ್ನು ಕೆರೆದು ಬೇರೆ ಗುಡ್ಡೆ ಹಾಕಿ, ಕೆಳಗಿನ ಮಣ್ಣಿನ ಜೊತೆ ಬೆರೆಸಬೇಡಿ, ಕೆಲಸ ಮುಗಿದ ಮೇಲೆ ಅದನ್ನೇ ವಾಪಸ್ ಹರಡಿ. ರಿಗ್ ಬರುವ ಮುಂಚೆ ನಮ್ಮ ಬೋರಿನ ನೀರನ್ನು ನಾವು ಹೇಳಿದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಪ್ರತಿ ವರ್ಷ ಮಾಡಿಸಿ. ರಾತ್ರಿ ದೀಪ ಮನೆಯ ಕಡೆ ತಿರುಗಿಸಬೇಡಿ. ರಸ್ತೆಗೆ ಹಾಕುವ ಗಟ್ಟಿ ಸುಣ್ಣಮಣ್ಣನ್ನು, ಅದಕ್ಕೆ ಅಲ್ಲಿ ಕಲೀಚಿ ಅಂತಾರೆ, ನಮ್ಮ ಜಾಗದಿಂದಲೇ ತೋಡಿದರೆ ಅದಕ್ಕೆ ಬೆಲೆ ಕೊಡಿ. ಬಾವಿ ಬತ್ತಿದ ಮೇಲೆ ಇಷ್ಟು ತಿಂಗಳಲ್ಲಿ ಮುಚ್ಚಿ ಹೋಗಬೇಕು ಎಂದು ಬರೆಯಿರಿ, ಅದಕ್ಕೆ ಠೇವಣಿ ಇಡಿ. ರಸ್ತೆ, ನೀರು, ದೀಪ ಒಪ್ಪಿದರು. ಮಣ್ಣಿಗೆ 'ಆದಷ್ಟು ಮಟ್ಟಿಗೆ' ಎಂದು ಸೇರಿಸಿದರು. ಠೇವಣಿ ಮಾತೆತ್ತಿದ ಕೂಡಲೇ ಫೋನ್ ಎತ್ತುವುದನ್ನೇ ಬಿಟ್ಟರು, ಹತ್ತು ದಿನ ಆದಮೇಲೆ ಅದೊಂದನ್ನು ಬಿಟ್ಟು ಉಳಿದಿದ್ದಕ್ಕೆ ಸಹಿ ಆಯಿತು.

ರಿಗ್ ಮೂರು ವಾರ ಇತ್ತು, ಹಗಲೂ ರಾತ್ರಿ. ಆಮೇಲೆ ಕಲ್ಲು ಸೀಳಲು ನೀರು ಮರಳು ತುಂಬುವ ತಂಡ ಬಂತು, ಲಾರಿಗಳ ಸಾಲು ಸಾಲು. ಗೆಳೆಯನ ಹೆಂಡತಿ ಹೇಳುತ್ತಿದ್ದಳು, ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ರಾತ್ರಿಯಿಡೀ ಸಣ್ಣಗೆ ಕಿಣಿಕಿಣಿ ಅನ್ನುತ್ತಿದ್ದವು, ಕೊನೆಗೆ ಮಧ್ಯೆ ಮಧ್ಯೆ ಬಟ್ಟೆ ತುರುಕಿದೆ ಅಂತ. ಈಗ ಸದ್ದು ಕಡಿಮೆ. ಪಂಪು ತಲೆಯಾಡಿಸುತ್ತದೆ. ಒಂದು ಸಲ ಪೈಪ್ ಜೋಡಣೆಯಲ್ಲಿ ಉಪ್ಪುನೀರು ಸೋರಿತು. ಒಂದು ಕೋಣೆಯಷ್ಟು ಜಾಗ, ಅಷ್ಟೇ. ನೀರು ಆರಿದ ಮೇಲೆ ಬಿಳಿ ಹೊಪ್ಪಳೆ ಕಟ್ಟಿತು. ನಾಲ್ಕು ವರ್ಷ ಆಯಿತು, ಅಲ್ಲಿ ಒಂದು ಕಳೆ ಕೂಡ ಹುಟ್ಟಿಲ್ಲ. ಎಣ್ಣೆ ಚೆಲ್ಲಿದರೆ ಎಲ್ಲರೂ ಹೆದರುತ್ತಾರೆ, ನನ್ನ ಕೇಳಿದರೆ ಮಣ್ಣಿಗೆ ಉಪ್ಪುನೀರೇ ಕೆಟ್ಟದ್ದು. ಎಣ್ಣೆಯನ್ನು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಕಾಲಕ್ರಮೇಣ ತಿಂದು ಮುಗಿಸುತ್ತವೆ, ಉಪ್ಪನ್ನು ತಿನ್ನುವವರು ಯಾರೂ ಇಲ್ಲ.

ನನ್ನ ಮಾತು ಇಷ್ಟೇ. ಎಣ್ಣೆ ಯಾರದು ಎಂದು ಇಷ್ಟೊಂದು ಜಗಳ ಆಡುತ್ತೇವೆ, ಆ ಎಣ್ಣೆಗೆ ದಾರಿ ಕೊಡುವವನ ಜೊತೆ ರಿಗ್ ಬರುವ ಮುಂಚೆ ಒಂದು ಕರಾರು ಆಗಲೇಬೇಕು ಅನ್ನುವುದನ್ನು ಯಾಕೆ ಕಾನೂನು ಮಾಡುವುದಿಲ್ಲ? ಮಾಡಿದವರೂ ಇದ್ದಾರೆ. ನಾರ್ತ್ ಡಕೋಟಾ 1979ರಲ್ಲೇ, ಬೆಳೆ ನಷ್ಟ, ಜಮೀನಿನ ಬೆಲೆ ಇಳಿದ ನಷ್ಟ ಎಲ್ಲ ಕೊಡಬೇಕು ಅಂದಿತು. ವ್ಯೋಮಿಂಗ್ 2005ರಲ್ಲಿ, ನ್ಯೂ ಮೆಕ್ಸಿಕೊ 2007ರಲ್ಲಿ, ಮೊದಲು ನೋಟಿಸ್ ಕೊಡಿ, ಕೂತು ಮಾತಾಡಿ ಅಂದವು. ಆದರೆ ವ್ಯೋಮಿಂಗ್‌ನಲ್ಲಿ ಮಾತು ಮುರಿದರೆ ಕಂಪನಿ ಠೇವಣಿ ಇಟ್ಟು ಒಳಗೆ ಬರಬಹುದು, ಆ ಕಾನೂನು ಬಂದಾಗ ಅದು ಕನಿಷ್ಠ ಒಂದು ಬಾವಿಗೆ 2,000 ಡಾಲರ್ ಇತ್ತು. ಎಣ್ಣೆ ಬಾವಿ ಒಂದಕ್ಕೆ ಲಕ್ಷಗಟ್ಟಲೆ ಡಾಲರ್ ಸುರಿಯುವವರಿಗೆ 2,000 ಅನ್ನುವುದು ಪಾರ್ಕಿಂಗ್ ಚೀಟಿ ಇದ್ದ ಹಾಗೆ.

ಟೆಕ್ಸಾಸ್‌ನಲ್ಲೇ ಒಂದು ಹಳೆಯ ಒಳ್ಳೆಯ ದಾರಿ ಇತ್ತು, ಇದೆ ಕೂಡ, ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ. 1895ರಿಂದ 1931ರ ತನಕ ರಾಜ್ಯ ಸರ್ಕಾರ ಒಂದಷ್ಟು ಜಮೀನು ಮಾರುವಾಗ ಖನಿಜ ತನಗೇ ಇಟ್ಟುಕೊಂಡಿತ್ತು. ಮೇಲಿನವರು ರಿಗ್ ಕಂಡರೆ ಸಿಡಿಮಿಡಿ ಅನ್ನುತ್ತಿದ್ದರು. ಸಹಜ, ಅವರಿಗೆ ಏನೂ ಸಿಗುತ್ತಿರಲಿಲ್ಲವಲ್ಲ. 1919ರಲ್ಲಿ ಅವರನ್ನೇ ಸರ್ಕಾರದ ಏಜೆಂಟ್ ಮಾಡಿದರು. ಲೀಸ್ ಮಾತಾಡುವುದು ಮೇಲಿನವನು, ಬೋನಸ್ ಮತ್ತು ರಾಯಲ್ಟಿಯಲ್ಲಿ ಈಗ ಅರ್ಧ ಅವನಿಗೆ, ಅರ್ಧ ಸರ್ಕಾರಕ್ಕೆ. ಅಂಥ ಜಮೀನುಗಳ ಫೈಲು ನಾನು ಎಷ್ಟೋ ನೋಡಿದ್ದೇನೆ. ಜಗಳ ಕಡಿಮೆ. ರಸ್ತೆ ಎಲ್ಲಿ ಬರಬೇಕು ಅನ್ನುವುದನ್ನು ಮೇಲಿನವನೇ ಪೆನ್ಸಿಲಿನಲ್ಲಿ ಗೆರೆ ಎಳೆದು ತೋರಿಸುತ್ತಾನೆ, ಎಣ್ಣೆ ಬಂದರೆ ತನಗೂ ಬರುತ್ತದೆ ಅಂತ ಗೊತ್ತಿದ್ದವನು ಅಡ್ಡ ಮಲಗುವುದಿಲ್ಲ.

ಕೆಳಗಿನವನು ಯಾವಾಗಲೂ ದುಡ್ಡಿರುವ ಕಂಪನಿ, ಮೇಲಿನವನು ಪಾಪದ ರೈತ ಅಂತಲೂ ತಿಳಿಯಬೇಡಿ. ಒಕ್ಲಹೋಮಾದಲ್ಲಿ ಓಸೇಜ್ ಎಂಬ ಮೂಲನಿವಾಸಿ ಜನ ಇದ್ದಾರೆ. 1906ರಲ್ಲಿ ಅವರ ನೆಲವನ್ನು ಹಂಚಿದಾಗ ಮೇಲಿನದ್ದು ಒಬ್ಬೊಬ್ಬರಿಗೆ ಹೋಯಿತು, ಕೆಳಗಿನ ಖನಿಜ ಮಾತ್ರ ಇಡೀ ಕೌಂಟಿಯಲ್ಲಿ ಬುಡಕಟ್ಟಿನ ಹೆಸರಲ್ಲೇ ಉಳಿಯಿತು. ಮೇಲಿನ ನೆಲದಲ್ಲಿ ಬಹಳಷ್ಟು ಆಮೇಲೆ ಹೊರಗಿನವರ ಕೈಸೇರಿತು. ಅಲ್ಲಿ ಒಂದು ಕಂಪನಿ ಮೇಲಿನ ಜಮೀನುದಾರರಿಂದ ಲೀಸ್ ತಗೊಂಡು 84 ಗಾಳಿಯಂತ್ರ ನಿಲ್ಲಿಸಿತು. ಬುನಾದಿಗೆ ಬಂಡೆ ಒಡೆದು, ಅದನ್ನೇ ಪುಡಿ ಮಾಡಿ ಗುಂಡಿಗೆ ತುಂಬಿತು. ಬಂಡೆಯೂ ಖನಿಜವೇ, ನಮ್ಮನ್ನು ಕೇಳಲಿಲ್ಲ ಎಂದಿತು ಓಸೇಜ್ ಬುಡಕಟ್ಟು. ಅದು ಗಣಿಗಾರಿಕೆಯೇ, ಲೀಸ್ ಬೇಕಿತ್ತು ಎಂದು 2017ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು, 2023ರ ಡಿಸೆಂಬರ್‌ನಲ್ಲಿ ಯಂತ್ರಗಳನ್ನೇ ಕಿತ್ತು ಹಾಕಿ ಎಂದು ಆದೇಶ ಆಯಿತು. ನಾನು ಗಾಳಿ ವಿದ್ಯುತ್ತಿನ ಪರ. ಆದರೂ ಈ ಕೇಸಿನಲ್ಲಿ ನನ್ನ ಮನಸ್ಸು ಓಸೇಜ್ ಕಡೆಗೇ. ಮೊದಲೇ ಕೇಳಿ ಎಂದು ಕಂಪನಿಗೆ ಬರೆದು ತಿಳಿಸಿದ್ದರು, ಕೇಳಿದ್ದರೆ ಮುಗಿಯುತ್ತಿತ್ತು.

ಮನೆ ಕೊಳ್ಳುವವರಿಗೂ ಒಂದು ಮಾತು, ಯಾಕೆಂದರೆ ನಮ್ಮವರು ಅಲ್ಲಿ ಜಮೀನಿಗಿಂತ ಮನೆ ಕೊಳ್ಳುವುದೇ ಜಾಸ್ತಿ. ಕೊಲೊರಾಡೊದ ಫೈರ್‌ಸ್ಟೋನ್ ಊರಲ್ಲಿ 2017ರ ಏಪ್ರಿಲ್‌ನಲ್ಲಿ ಒಂದು ಮನೆ ಸ್ಫೋಟವಾಗಿ ಇಬ್ಬರು ಸತ್ತರು. ಹತ್ತಿರದ ಬಾವಿಯಿಂದ ಬಂದ ಹಳೆಯ ಸಣ್ಣ ಪೈಪೊಂದು ತುಂಡಾಗಿ ಮನೆಯ ಪಕ್ಕ ಮಣ್ಣಲ್ಲಿ ಹೂತಿತ್ತು, ಆ ಕಡೆಯ ತುದಿ ಬಾವಿಗೆ ಇನ್ನೂ ಸೇರಿಕೊಂಡೇ ಇತ್ತು. ಗ್ಯಾಸು ಮಣ್ಣಿನಲ್ಲಿ ಹರಿದು ಮನೆಯ ತಳ ಸೇರಿತ್ತು. ಆ ರಾಜ್ಯ ಆಮೇಲೆ ಕಾನೂನು ಬಿಗಿ ಮಾಡಿತು. ಹೊಸ ಬಾವಿಗೂ ಮನೆಗೂ ಸಾಮಾನ್ಯವಾಗಿ 2,000 ಅಡಿ ದೂರ ಇರಬೇಕು ಎಂಬ ನಿಯಮ 2021ರಿಂದ ಇದೆ. ಹಳೆಯ ಬಾವಿಗಳು ಎಲ್ಲಿದ್ದವೋ ಅಲ್ಲೇ ಇವೆ. ದೇಶದಲ್ಲಿ ಮಾಲೀಕರೇ ಇಲ್ಲದ ಬಾವಿಗಳನ್ನು ಮುಚ್ಚಲು 2021ರಲ್ಲಿ ಅಮೆರಿಕ ಸರ್ಕಾರ 470 ಕೋಟಿ ಡಾಲರ್ ತೆಗೆದಿಟ್ಟಿತು. ಎಣ್ಣೆ ತೆಗೆದವರು ಲಾಭ ಎಣಿಸಿಕೊಂಡು ಹೋದರು, ಮುಚ್ಚುವ ಖರ್ಚು ತೆರಿಗೆ ಕಟ್ಟುವವರಿಗೆ. ಗೆಳೆಯನ ಠೇವಣಿ ಮಾತಿಗೆ ಫೋನ್ ಯಾಕೆ ನಿಂತಿತು ಎಂದು ಈಗ ಗೊತ್ತಾಯಿತಲ್ಲ.

ಇನ್ನು ನಮ್ಮಲ್ಲಿ. 'ಎಲ್ಲ ಸರ್ಕಾರದ್ದು' ಅನ್ನುವುದೂ ಪೂರ್ತಿ ಸರಿಯಲ್ಲ. ಕೇರಳದ ಮಲಬಾರಿನ ಜಮೀನುದಾರರ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟವಾಗಿ ಹೇಳಿದೆ, ಕಾನೂನಿನ ಮೂಲಕ ಕಿತ್ತುಕೊಳ್ಳದ ಹೊರತು ನೆಲದಡಿಯ ಖನಿಜ ಸಾಮಾನ್ಯವಾಗಿ ಜಮೀನಿನ ಒಡೆಯನ ಜೊತೆಗೇ ಹೋಗುತ್ತದೆ. ನಾಗಾಲ್ಯಾಂಡಿಗೆ ಸಂವಿಧಾನದ 371ಎ ವಿಧಿಯಲ್ಲಿ ನೆಲ ಮತ್ತು ಅದರ ಸಂಪತ್ತಿನ ಬಗ್ಗೆ ಪ್ರತ್ಯೇಕ ರಕ್ಷಣೆಯೇ ಇದೆ. ಆದರೆ ಎಣ್ಣೆ ತೆಗೆಯುವ ಪರವಾನಗಿ, ಲೀಸು ಎಲ್ಲ 1948ರ ಕಾಯ್ದೆಯ ಪ್ರಕಾರ ಸರ್ಕಾರದ ಕೈಯಲ್ಲಿ, ಹಾಗಾಗಿ ಒಡೆತನದ ಮಾತು ಕಾಗದದ ಮೇಲೆ ಉಳಿಯುತ್ತದೆ. ನಮ್ಮ ರೈತರಿಗೆ ಇದರ ರುಚಿ ಸಿಕ್ಕಿರುವುದು ಬಾವಿಯಿಂದಲ್ಲ, ಪೈಪಿನಿಂದ. 1962ರ ಕಾಯ್ದೆಯಲ್ಲಿ ಪೆಟ್ರೋಲ್, ಗ್ಯಾಸ್ ಪೈಪ್ ಹೋಗುವ ಜಮೀನು ರೈತನ ಹೆಸರಲ್ಲೇ ಇರುತ್ತದೆ, ಬಳಕೆಯ ಹಕ್ಕು ಮಾತ್ರ ಹೋಗುತ್ತದೆ. ಬೆಳೆ ಬೆಳೆಯಬಹುದು. ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಪರಿಹಾರ ಆ ಪಟ್ಟಿಯ ಮಾರುಕಟ್ಟೆ ಬೆಲೆಯ 10%, ಜೊತೆಗೆ ಆದ ನಷ್ಟಕ್ಕೆ ಬೇರೆ. ತೆಂಗಿನ ಸಸಿ ನೆಡಬಾರದ ಪಟ್ಟಿಯನ್ನು ನೂರಕ್ಕೆ ತೊಂಬತ್ತು ಭಾಗ ನಿನ್ನದೇ ಅನ್ನುವ ಲೆಕ್ಕ ಯಾವ ಮೇಷ್ಟ್ರು ಹೇಳಿಕೊಟ್ಟಿದ್ದೋ. ಆ ಓದುಗರು ಸಿಟ್ಟು ಮಾಡಿಕೊಳ್ಳಬೇಕಾದ್ದು ಈ 10% ಮೇಲೆ. ಎಣ್ಣೆ ರೈತನದಾಗಲಿ ಅನ್ನುವ ಹೋರಾಟಕ್ಕಿಂತ ಇದನ್ನು ಬದಲಾಯಿಸುವುದು ಸುಲಭ, ಉಪಯೋಗವೂ ಜಾಸ್ತಿ.

ಗೆಳೆಯ ಈಗ ಆ 20 ಎಕರೆ ಮಾರುತ್ತಿದ್ದಾನೆ. ಮಗಳ ಊರಿಗೆ ಹೋಗುತ್ತಾರಂತೆ. ಬ್ರೋಕರ್ ಹೇಳಿದ್ದಾಳೆ, ನಿಮ್ಮ ಕ್ರಯಪತ್ರದಲ್ಲಿ ಇರುವ ಸಾಲನ್ನೇ ಹೊಸ ಪತ್ರದಲ್ಲೂ ಹಾಕೋಣ, 'ಹಿಂದೆ ನೋಂದಣಿಯಾದ ಷರತ್ತುಗಳಿಗೆ ಒಳಪಟ್ಟು', ಕಾನೂನಿಗೆ ಅಷ್ಟು ಸಾಕು, ಜಾಸ್ತಿ ಹೇಳಿದರೆ ಗಿರಾಕಿ ಹೆದರಿ ಓಡಿ ಹೋಗುತ್ತಾರೆ. ಅವನು ನನ್ನ ಹತ್ತಿರ 1947ರ ಪತ್ರದ ಮೂರನೇ ಪುಟದ ಜೆರಾಕ್ಸ್ ಕೇಳಿ ತರಿಸಿಕೊಂಡ. ಆ ಒಂದು ಸಾಲಿಗೆ ಹಳದಿ ಬಣ್ಣ ಬಳಿದು, ಬೋರ್ ನೀರಿನ ಎಲ್ಲ ವರ್ಷದ ಲ್ಯಾಬ್ ವರದಿ ಸೇರಿಸಿ ಪಿನ್ ಹೊಡೆದು, ಮನೆ ನೋಡಲು ಬರುವವರಿಗೆ ಕಾಫಿಗಿಂತ ಮೊದಲು ಅದನ್ನೇ ಕೊಡುತ್ತಾನೆ. ಇಲ್ಲಿಯ ತನಕ ಮೂರು ಜನ ಬಂದಿದ್ದಾರೆ. ಇಬ್ಬರು ಮತ್ತೆ ಫೋನ್ ಮಾಡಿಲ್ಲ. ಮೂರನೆಯವರು ಕೂತು ಪೂರ್ತಿ ಓದಿ, ಉಪ್ಪು ಬಿದ್ದ ಜಾಗ ತೋರಿಸಿ ಅಂದರಂತೆ.

ಇಂತಿ,
ನಿಮ್ಮ ಓದುಗ